ಮೂರನೇ ದಾರಿಯ ಸಾವಿನ ಸುದ್ದಿ

ಸತ್ತವರ ಮನೆಗೆ ಯಾರೇ ಎಷ್ಟೇ ತಡವಾಗಿ ಬರಲಿ, ಮನೆಯವರು ಅವರೆದುರು ಮೊದಲಿನಿಂದ ಅಳಬೇಕು. ನರಸಿಂಹರಾಜಪುರದ ವೆಂಕಮ್ಮ ಆ ವಿಷಯದಲ್ಲಿ ಯಾರಿಗೂ ಕಡಿಮೆ ಮಾಡಿದವರಲ್ಲ. ಗಂಡ ವಿಘ್ನೇಶ್ವರ ತೀರಿಕೊಂಡಾಗ ಕೊಪ್ಪದವರೆದುರು ಅತ್ತರು, ಮರುವಾರ ಮೆಣಸೆಯವರೆದುರು ಅತ್ತರು. ಕೆರೆಕಟ್ಟೆಯ ದಾಯಾದಿ ಸೀತಕ್ಕ ಮಾತ್ರ ತಿಂಗಳಾದರೂ ಬರಲಿಲ್ಲ. ಹಳೇ ಸಿಟ್ಟು ಎಂದು ಮನೆಯವರು ತೀರ್ಮಾನಿಸಿದರು.

ದೊಡ್ಡಮ್ಮ ವೆಂಕಮ್ಮನ ಜೊತೆಗಿರಲು ಬಂದಿದ್ದ, ಖಗೋಳದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಶ್ರೀವಿದ್ಯಾಳ ತಾಪತ್ರಯವೂ ಹೆಚ್ಚುಕಮ್ಮಿ ಇದೇ. ಬಹುದೂರದ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದು ಸತ್ತಿತ್ತು. ನಡುವೆ ಗ್ಯಾಲಕ್ಸಿಗಳ ದೊಡ್ಡ ಗುಂಪೊಂದು ಅಡ್ಡ ಕೂತು, ತನ್ನ ಭಾರದಿಂದ ಆ ಬೆಳಕನ್ನು ಬಗ್ಗಿಸಿ ಮೂರು ದಾರಿಗೆ ಹಚ್ಚಿತ್ತು. ಒಂದೇ ಸಾವು, ಮೂರು ಸುದ್ದಿ. ಎರಡು ಬಂದಾಗಿತ್ತು. ಗುಂಪಿನ ಭಾರ ಲೆಕ್ಕಹಾಕಿ, ಮೂರನೆಯದು ಈ ಮಳೆಗಾಲದೊಳಗೆ ಕಾಣುತ್ತದೆ ಎಂದು ಅವಳು ಹೇಳಿದ್ದಳು. ಮಳೆಗಾಲ ಕಳೆದು ನಿನ್ನೆ ಬಂದ ದೂರದರ್ಶಕದ ಚಿತ್ರದಲ್ಲೂ ಆ ಜಾಗ ಖಾಲಿ. ಭಾರದ ಲೆಕ್ಕವೇ ತಪ್ಪಿರಬೇಕು, ಪಿಎಚ್‌ಡಿಯಿಂದ ಆ ಅಧ್ಯಾಯ ಕೈಬಿಡುವುದು ವಾಸಿ ಎಂದು ಗೈಡು ವೃಷಭೇಂದ್ರಪ್ಪ ಫೋನಿನಲ್ಲಿ ಸೌಮ್ಯವಾಗಿಯೇ ಹೇಳಿದರು. ಆ ಅಧ್ಯಾಯ ಬಿಟ್ಟರೆ ಉಳಿಯುವುದು ಪೀಠಿಕೆ.

ಅಷ್ಟರಲ್ಲಿ ಸೀತಕ್ಕ ಬಂದರು. ಬಾಗಿಲಲ್ಲೇ ಅಳು ಶುರುವಾಯಿತು. ವೆಂಕಮ್ಮ ಕೈ ಒರೆಸಿಕೊಂಡು ಬಂದು ಸೇರಿಕೊಂಡರು. ಕಾಫಿ ಹೊತ್ತಿಗೆ ವಿಷಯ ಹೊರಬಿತ್ತು. ಫೋನು ಹತ್ತದ ಕೆರೆಕಟ್ಟೆಗೆ ಸುದ್ದಿ ಒಯ್ದ ಯಜ್ಞೇಶನಿಗೆ ಸೀತಕ್ಕ ಸಿಕ್ಕಿದ್ದು ಶೃಂಗೇರಿಯಲ್ಲಿ, ಮೊಮ್ಮಗಳ ಮದುವೆಮನೆಯಲ್ಲಿ. ಈ ಮನೆಯವರಿಗೆ ಮದುವೆಯ ಕರೆಯೇ ಇರಲಿಲ್ಲ; ಹಳೇ ಸಿಟ್ಟು ಅಷ್ಟರಮಟ್ಟಿಗೆ ನಿಜ. ದಾಯಾದಿಯ ಸಾವು ಕಿವಿಗೆ ಬಿದ್ದರೆ ಸೂತಕ, ಅಜ್ಜಿ ಚಪ್ಪರದಿಂದ ಏಳಬೇಕು. ಯಜ್ಞೇಶ ಹೋಳಿಗೆ ಉಂಡು, ಬಾಯಿ ಮುಚ್ಚಿಕೊಂಡು ಕೊಪ್ಪದ ಹತ್ತಿರದ ತನ್ನೂರು ನಾರ್ವೆಗೆ ಹೋದ. ಆಮೇಲೆ ಹೇಳಲು ಅವನಿಗೇ ಮುಖವಿರಲಿಲ್ಲ. ಹೇಳಿದ್ದು ಮೊನ್ನೆ.

“ಅವ ಎಂತ ಮಾಡ್ತ ಮಾರಾಯ್ತಿ,” ಎಂದರು ಸೀತಕ್ಕ. “ದಾರೀಲಿ ಮದುವೆಮನೆ ಸಿಕ್ಕಿತು.”

ಶ್ರೀವಿದ್ಯಾ ಕಾಫಿ ಬಿಟ್ಟು ಎದ್ದಳು. ಮೂರನೇ ದಾರಿಯ ಪಕ್ಕ ಮಸುಕು ಗ್ಯಾಲಕ್ಸಿಯೊಂದಿತ್ತು. ಗುಂಪಿಗೆ ಸೇರಿದ್ದಲ್ಲವೆಂದು ಅವಳೇ ಲೆಕ್ಕದಿಂದ ಬಿಟ್ಟಿದ್ದಳು. ಭಾರದ ಪಕ್ಕ ಹಾಯುವ ಬೆಳಕು ತಡವಾಗುತ್ತದೆ; ಅದರ ಭಾರವನ್ನೂ ಸೇರಿಸಿದಾಗ ಸುದ್ದಿ ಯುಗಾದಿಗೆ ಸರಿಯಿತು. ಆಗಲೂ ಕಾಣದಿದ್ದರೆ ಅಧ್ಯಾಯ ತಾನೇ ಕಿತ್ತುಹಾಕುತ್ತೇನೆಂದು ಗೈಡಿಗೆ ಮಾತು ಕೊಟ್ಟಳು.

ಯುಗಾದಿ ಕಳೆದು ಬಂದ ಚಿತ್ರದಲ್ಲಿ, ಅದೇ ಜಾಗದಲ್ಲಿ, ಒಂದು ಚುಕ್ಕೆಯಿತ್ತು. ಶ್ರೀವಿದ್ಯಾ ಮೊದಲು ಫೋನು ಮಾಡಿದ್ದು ದೊಡ್ಡಮ್ಮನಿಗೆ.

ವೆಂಕಮ್ಮ ಪೂರ್ತಿ ಕೇಳಿಸಿಕೊಂಡರು. “ಒಳ್ಳೇದಾಯ್ತು ಕೂಸು,” ಎಂದರು. “ಸಾವಿನ ಸುದ್ದಿ ಕೇಳಿದ್ದೀಯ. ಮೊದಲು ಹೋಗಿ ಸ್ನಾನ ಮಾಡು.”