ಮೂರನೇ ವ್ಯಕ್ತಿಯ ಕುರಿ

ಹಾಲ್ಬೇರಾಳಿಗೆ ಇನ್ನು ಇಪ್ಪತ್ತನಾಲ್ಕು ಕ್ರೆಡಿಟ್ ಬಾಕಿ ಇತ್ತು.

ನಿಸರ್ಗ ಸಂಪನ್ಮೂಲ ಸಂರಕ್ಷಣೆಯ ಪದವಿಗೆ ನೂರ ಎಂಬತ್ತು ಬೇಕು. ಮಣ್ಣು, ಸಸ್ಯ, ನೀರು, ಭೂಮಿಯ ಕಾನೂನು ಎಲ್ಲ ಮುಗಿದಿತ್ತು. ಸಂಖ್ಯಾಶಾಸ್ತ್ರ ಎರಡನೇ ಸಲಕ್ಕೆ ಮುಗಿದಿತ್ತು. ಉಳಿದದ್ದು ಪ್ರಬಂಧ ಒಂದೇ. ಅದಕ್ಕಾಗಿ ಬೇಲಿ ಹಾಕಿದ ಒಂದೇ ತುಂಡು ನೆಲದಲ್ಲಿ ಸತತ ಮೂರು ಶರತ್ಕಾಲ ಹುಲ್ಲು ಕೊಯ್ದು, ಒಣಗಿಸಿ, ತೂಗಬೇಕು. ಬೇಲಿಯಾಚೆ ಕುರಿ ಮೇಯ್ದ ನೆಲದಲ್ಲೂ ಹಾಗೆಯೇ ಮಾಡಬೇಕು. ಈ ಎರಡು ತೂಕಗಳ ನಡುವಿನ ವ್ಯತ್ಯಾಸವೇ ಪ್ರಬಂಧ. ಎರಡು ವರ್ಷದ ಅಳತೆ ಆಗಿತ್ತು, ಮೂರನೆಯದು ಬಾಕಿ. ಅದಾದರೆ ಫೆಬ್ರವರಿಯಲ್ಲಿ ಪದವಿ, ಮಾರ್ಚ್‌ನಲ್ಲಿ ಜಿಲ್ಲೆಯ ಭೂಸಂರಕ್ಷಣಾ ಕಚೇರಿಯಲ್ಲಿ ಕೆಲಸ. ಕೆಲಸದ ಮಾತು ಆಗಿಹೋಗಿತ್ತು. ಪ್ರಮಾಣಪತ್ರ ತಂದು ತೋರಿಸುವುದಷ್ಟೇ ಉಳಿದಿತ್ತು.

ಆ ತುಂಡು ನೆಲ ಇದ್ದದ್ದು ಅವಳ ಊರಿನ ಕುರಿಗಳು ಬೇಸಿಗೆಯೆಲ್ಲ ಮೇಯುವ ಎತ್ತರದ ಬಯಲಿನಲ್ಲಿ. ಅದನ್ನು ಅವಳೇ ಕೇಳಿ ಪಡೆದಿದ್ದಳು. ದಾರಿ ಗೊತ್ತಿತ್ತು, ರಾತ್ರಿ ಮನೆಯಲ್ಲೇ ಮಲಗಬಹುದಿತ್ತು. ಅವಳ ಅಪ್ಪ ಕೇತಿಲ್ ಆ ಬಯಲಿಗೆ ಬೆಟ್ಟದರಸ. ಸೆಪ್ಟೆಂಬರಿನಲ್ಲಿ ಊರವರೆಲ್ಲ ಹತ್ತಿ ಹೋಗಿ, ಚದುರಿದ ಕುರಿಗಳನ್ನು ಕೂಡಿಸಿ ಇಳಿಸುವಾಗ ಯಾರು ಯಾವ ಬದಿಯಲ್ಲಿ ನಡೆಯಬೇಕು, ಎಲ್ಲಿ ತಂಗಬೇಕು ಎಂದು ಹೇಳುವವನು ಬೆಟ್ಟದರಸ. ಆ ಮೂರು ದಿನ ಅವನ ಮಾತಿಗೆ ಎದುರಿಲ್ಲ. ಕೇತಿಲ್ ಮಟ್ಟಿಗೆ ಉಳಿದ ದಿನಗಳಲ್ಲೂ ಇರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಹಾಲ್ಬೇರಾ ತನ್ನ ಮಾರ್ಗದರ್ಶಕಿ ಸ್ವಾಲಾಳ ಕೋಣೆಗೆ ಹೋದಳು. ಪ್ರಾಧ್ಯಾಪಕಿಯನ್ನೂ ಹೆಸರು ಹಿಡಿದು, ಏಕವಚನದಲ್ಲೇ ಮಾತಾಡಿಸುವ ದೇಶ ಅದು. ಜಗಳ ಬಂದಾಗ ಅದರಿಂದ ಅನುಕೂಲವೇನೂ ಆಗುವುದಿಲ್ಲ.

"ಸ್ವಾಲಾ, ಈ ಸಲ ಹತ್ತು ದಿನ ಮುಂಚೆ ಕೊಯ್ದುಬಿಡ್ತೀನಿ. ಹಿಮ ಬೇಗ ಬೀಳೋ ಹಾಗಿದೆ."

"ಕೈಪಿಡಿ ನೋಡು. ಸೆಪ್ಟೆಂಬರ್ ಮೂರನೇ ವಾರ ಅಂತಿದೆ."

"ಕೈಪಿಡಿ ಬರೆದೋರು ಸೆಪ್ಟೆಂಬರಲ್ಲಿ ಆ ಬಯಲು ಹತ್ತಿದ್ದಾರಾ?"

"ಎರಡು ವರ್ಷ ಮೂರನೇ ವಾರ ಕೊಯ್ದಿದ್ದೀಯ. ಈಗ ಮೊದಲನೇ ವಾರ ಕೊಯ್ದರೆ ಯಾವುದನ್ನ ಯಾವುದಕ್ಕೆ ಹೋಲಿಸ್ತೀಯ? ತಂದುಕೊಟ್ಟರೆ ನಾನೇ ಫೇಲ್ ಮಾಡ್ತೀನಿ."

ಅದು ಸರಿಯಾದ ಮಾತು. ಸರಿಯಾದ ಮಾತಾದ್ದರಿಂದಲೇ ಹಾಲ್ಬೇರಾಳಿಗೆ ಇನ್ನಷ್ಟು ಸಿಟ್ಟು ಬಂತು.

ಹಿಮ ಎರಡನೇ ವಾರವೇ ಬಿತ್ತು, ಕುರಿ ಕೂಡಿಸುವ ಎರಡನೇ ದಿನ. ಹಾಲ್ಬೇರಾ ಪೂರ್ವದ ಗುಂಪಿನಲ್ಲಿದ್ದಳು. ಅವರು ಸಿಕ್ಕಷ್ಟು ಕುರಿಗಳನ್ನು ತಗ್ಗಿಗೆ ಇಳಿಸಿ, ಗುಡಿಸಲಿನಲ್ಲಿ ಒಣಮೀನು ಬೆಣ್ಣೆ ತಿಂದು ಮಲಗಿದರು. ದೊಡ್ಡ ಹಿಂಡು ಪಶ್ಚಿಮದಲ್ಲಿ ಕೇತಿಲನ ಜೊತೆಗಿತ್ತು. ಮರುದಿನ ಬಿಸಿಲು ಬಂತು. ಮಧ್ಯಾಹ್ನ ಅವಳು ತನ್ನ ನೆಲದ ಹತ್ತಿರ ಬಂದಾಗ ಅಲ್ಲಿ ಕುರಿ ಇರಲಿಲ್ಲ, ಹಿಕ್ಕೆ ಇತ್ತು. ತಂತಿಯನ್ನು ಎರಡು ಕಡೆ ನೀಟಾಗಿ ಕತ್ತರಿಸಿದ್ದರು. ಹುಲ್ಲನ್ನು ಬುಡದವರೆಗೆ ಕಿತ್ತು ತಿಂದಿದ್ದವು. ಪಾಚಿ ಕಿತ್ತುಬಂದು ಕಪ್ಪು ಮಣ್ಣು ಕೆಸರಾಗಿತ್ತು. ಬೇಲಿಯ ಎರಡು ಕಂಬಗಳನ್ನು ಕಿತ್ತು ಬೆಂಕಿ ಹಾಕಿ ಕಾಫಿ ಕಾಯಿಸಿಕೊಂಡಿದ್ದರು. ಅರ್ಧ ಸುಟ್ಟ ಕಂಬದ ಮೇಲೆ ವಿಶ್ವವಿದ್ಯಾಲಯದ ತಗಡಿನ ಫಲಕ ಹಾಗೇ ಇತ್ತು: ದಯವಿಟ್ಟು ಪ್ರವೇಶಿಸಬೇಡಿ.

ಅವಳು ಫೋಟೋ ತೆಗೆದಳು. ಅಳಲಿಲ್ಲ. ಫಲಕವನ್ನು ಒದ್ದಳು, ಕಾಲು ನೋವಾಯಿತು.

ಹಿಂಡನ್ನು ಅವಳು ಹೋಗಿ ಸೇರಿದ್ದು ಕೆಳಗೆ, ಕುರಿ ಬೇರ್ಪಡಿಸುವ ದೊಡ್ಡಿಯಲ್ಲಿ. ಜನ ತುಂಬಿದ್ದರು. ಒಂದೊಂದು ಕುರಿಯನ್ನೂ ಕೊಂಬು ಹಿಡಿದು ನಿಲ್ಲಿಸಿ, ಕಿವಿಗುರುತು ನೋಡಿ, ಆಯಾ ಮನೆಯ ಅಂಕಣಕ್ಕೆ ಎಳೆದು ಹಾಕುತ್ತಿದ್ದರು. ಬಲಗಿವಿಯ ತುದಿ ಕತ್ತರಿಸಿ ಎಡಗಿವಿಯ ಹಿಂದೆ ಕಚ್ಚು ಹಾಕಿದ್ದರೆ ಅದು ಕೇತಿಲನದು. ಹೆಂಡದ ಬುಡ್ಡಿ ಕೈಯಿಂದ ಕೈಗೆ ಹೋಗುತ್ತಿತ್ತು. ಗೋಡೆಯ ಮೇಲೆ ಕೂತು ಹಾಡುತ್ತಿದ್ದವರೂ ಇದ್ದರು. ಪಕ್ಕದ ಮನೆಯ ಬ್ರಾಂದುರ್ ಮೂಗಿಗೆ ನಶ್ಯ ಏರಿಸಿಕೊಂಡು ಅವಳನ್ನು ನೋಡಿದ.

"ಬಂದ್ಯಾ? ನಿನ್ನ ಪದವಿ ಇಲ್ಲೇ ಇದೆ ಕಣೆ, ಒಂಬೈನೂರು ಹೊಟ್ಟೇಲಿ. ಒಂದೊಂದನ್ನೇ ಹಿಡಿದು ಹಿಂಡ್ಕೋ."

ಸುತ್ತಲಿನವರು ನಕ್ಕರು. ಹಾಲ್ಬೇರಾ ಅವನನ್ನು ದಾಟಿ ಅಪ್ಪನ ಎದುರು ನಿಂತಳು. ಕೇತಿಲ್ ಒಂದು ಕುರಿಯನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡಿದ್ದ.

"ತಂತಿ ಕತ್ತರಿಸಿದ್ದು ಯಾರಪ್ಪ?"

"ನಾನು ಹೇಳ್ದೆ, ಬ್ರಾಂದುರ್ ಕತ್ತರಿಸ್ದ."

"ಅದು ನನ್ನ ನೆಲ ಅಂತ ಗೊತ್ತಿತ್ತು."

"ಗೊತ್ತಿತ್ತು. ಗಾಳಿ ಹೊಡೀತಿತ್ತು, ಕುರಿ ಮುಂದಕ್ಕೆ ಹೆಜ್ಜೆ ಇಡ್ತಿರಲಿಲ್ಲ. ಬೇಲಿ ಕಾಣಿಸ್ತು, ಚದುರದ ಹಾಗೆ ಒಳಗೆ ಹಾಕ್ದೆ. ಎಲ್ಲಾ ಬದುಕಿವೆ ನೋಡು."

"ರಾತ್ರಿ ಕುರಿ ಕೂಡಿಹಾಕೋ ಕಲ್ಲಿನ ದೊಡ್ಡಿ ಅಲ್ಲಿಂದ ಅರ್ಧ ಗಂಟೆ ದಾರಿ."

"ಬೇಸಿಗೇಲಿ ಅರ್ಧ ಗಂಟೆ."

"ಗಾಳಿ ಆಗ್ಲೇ ಇಳಿದಿತ್ತಲ್ಲ ಮಾರಾಯ," ಎಂದ ಬ್ರಾಂದುರ್. "ಕಾಲು ಸೋತಿತ್ತು ಅನ್ನು, ಬುಡ್ಡಿ ತುಂಬಿತ್ತು ಅನ್ನು, ಒಪ್ಕೊಳ್ಳೋಣ."

ಕೇತಿಲ್ ಅವನ ಕಡೆ ತಿರುಗಿ ನೋಡಿದ. ಬ್ರಾಂದುರ್ ನಶ್ಯದ ಡಬ್ಬಿ ಹುಡುಕತೊಡಗಿದ.

"ಹುಲ್ಲು ತಾನೆ," ಎಂದ ಕೇತಿಲ್, "ಮತ್ತೆ ಬೆಳೆಯುತ್ತೆ."

"ಬೆಳೆಯಲ್ಲ! ಬೆಳೆಯಲ್ಲ ಅನ್ನೋದೇ ನನ್ನ ಪ್ರಬಂಧ!"

ಗೋಡೆಯ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ವರ್ಷದಲ್ಲಿ ಕೇಳಿದ ಅತಿ ಒಳ್ಳೆಯ ಜೋಕು ಎನ್ನುವ ಹಾಗೆ. ಕೇತಿಲನೂ ನಕ್ಕ. ಅವನು ನಗದಿದ್ದರೆ ಮುಂದಿನದು ಬೇರೆಯಾಗುತ್ತಿತ್ತೋ ಏನೋ.

ಸೋಮವಾರ ಸ್ವಾಲಾ ಫೋಟೋಗಳನ್ನು ನೋಡಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಒಳ್ಳೆಯ ಹೆಂಗಸು. ಬೇರೆ ನೆಲದಲ್ಲಿ ಮೊದಲಿನಿಂದ ಶುರು ಮಾಡಿದರೆ ಇನ್ನೂ ಮೂರು ವರ್ಷ. ಆದರೆ ನಿಯಮದಲ್ಲೇ ಒಂದು ದಾರಿಯಿತ್ತು. ಮೂರನೇ ವ್ಯಕ್ತಿಯಿಂದ ಹಾನಿಯಾಗಿದ್ದರೆ, ಕೊನೆಯ ವರ್ಷದ ಅಳತೆಯ ಬದಲು ವಿಭಾಗದ ಹಳೆಯ ಅಳತೆಗಳನ್ನು ಬಳಸಿ ಪ್ರಬಂಧ ಮುಗಿಸಬಹುದು.

"ಯಾರು ಮಾಡಿದರು ಅಂತ ವರದಿ ಬೇಕು. ಶುಕ್ರವಾರದ ಒಳಗೆ. ಒಂದು ಪ್ರತಿ ಜಿಲ್ಲೆಯ ಮೇವು ಸಮಿತಿಗೆ ಹೋಗುತ್ತೆ, ಅದನ್ನ ನಾನು ತಡೆಯೋಕಾಗಲ್ಲ."

"ಹೋಗ್ಲಿ," ಎಂದಳು ಹಾಲ್ಬೇರಾ.

ಬುಧವಾರ ಅವಳು ಊರಿಗೆ ಹೋದಳು. ಅಮ್ಮ ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ಕೇತಿಲ್ ಒಬ್ಬನೇ ಕೂತು ಕುರಿಮಾಂಸದ ಸಾರು ಕುಡಿಯುತ್ತಿದ್ದ.

"ತಟ್ಟೆ ತಗೋ. ಆಲೂಗಡ್ಡೆ ಈ ವರ್ಷದ್ದು."

"ಬೇಡ. ವರದಿ ಬರೀಬೇಕು. ಮೇವು ಸಮಿತಿಗೂ ಹೋಗುತ್ತೆ. ಬಯಲಲ್ಲಿ ಮೇಯಿಸೋ ಹಕ್ಕು ಕಿತ್ಕೋಬಹುದು ಅವರು."

"ಕಿತ್ಕೊಳ್ಳೋಕೆ ಕಾರಣ ಬೇಕು. ನೀನು ಕೊಡ್ತೀಯ."

"ನೀನು ಕೊಟ್ಟೆ. ನಾನು ಬರೀತೀನಿ, ಅಷ್ಟೆ."

ಅವನು ಮೂಳೆಯಿಂದ ಮಾಂಸ ಬಿಡಿಸಿದ.

"ತಪ್ಪಾಯ್ತು ಅಂತ ಒಂದು ಮಾತು ಹೇಳಪ್ಪ. ನನಗೆ ಹೇಳು, ಸಮಿತಿಗಲ್ಲ. ನಾನು ಬರೆಯಲ್ಲ."

"ಕುರಿ ಉಳಿಸಿದ್ದಕ್ಕೆ?"

"ನಕ್ಕಿದ್ದಕ್ಕೆ."

ಕೇತಿಲ್ ಚಮಚ ಕೆಳಗಿಟ್ಟ. "ನಿನ್ನ ಕಾಲೇಜಿನೋರು ಹತ್ತು ವರ್ಷದಿಂದ ನಮ್ಮ ಬಯಲಿಗೆ ಬಂದು, ಬೇಲಿ ಹಾಕಿ, ಕುರಿ ಸಾಕೋರು ಭೂಮಿ ಹಾಳು ಮಾಡ್ತಾರೆ ಅಂತ ಬರೀತಿದ್ದಾರೆ. ನೀನೂ ಅದನ್ನೇ ಬರೆಯೋಕೆ ಹೊರಟೋಳು. ನಾನು ಒಂದು ಮಾತು ಆಡಿದ್ನಾ? ಒಂದು ರಾತ್ರಿ ಆ ಬೇಲಿ ನಮಗೂ ಉಪಯೋಗಕ್ಕೆ ಬಂತು. ಬರಿ, ಹೋಗು. ಕಾಗುಣಿತ ತಪ್ಪಿಲ್ಲದೆ ಬರಿ."

ಅವಳು ಅಲ್ಲೇ, ಅದೇ ಮೇಜಿನ ಮೇಲೆ ಬರೆದಳು. ಆದೇಶ ಕೊಟ್ಟವನು: ಕೇತಿಲ್, ಬೆಟ್ಟದರಸ. ಕುರಿಗಳ ಮಾಲೀಕರು: ಮೊದಲನೆಯವನು ಕೇತಿಲ್, ಆಮೇಲೆ ಉಳಿದವರು. ತಂತಿ ಕತ್ತರಿಸಿದ ಬ್ರಾಂದುರನ ಹೆಸರನ್ನು ಕೊನೆಗೆ ಹಾಕಿದಳು. ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು: ಹಾಲ್ಬೇರಾ ಕೇತಿಲ್ಸ್‌ದೋತ್ತಿರ್. ಕೇತಿಲನ ಮಗಳು ಹಾಲ್ಬೇರಾ. ಅವಳಿಗೆ ಬೇರೆ ಹೆಸರಿರಲಿಲ್ಲ.

ಮೇವು ಸಮಿತಿ ಬೇಗ ಕೆಲಸ ಮಾಡಿತು. ಕೇತಿಲ್ ಇನ್ನು ಬೆಟ್ಟದರಸನಲ್ಲ. ಅವನ ಕುರಿಗಳು ಎರಡು ಬೇಸಿಗೆ ಬಯಲಿಗೆ ಹತ್ತುವಂತಿಲ್ಲ. ಉಳಿದವರಿಗೆ ಎಚ್ಚರಿಕೆ. ಬೇಸಿಗೆಯಲ್ಲಿ ಬಯಲಿಲ್ಲದಿದ್ದರೆ ಕುರಿಗಳು ಮನೆಯ ಹುಲ್ಲುಗಾವಲನ್ನೇ ತಿನ್ನಬೇಕು, ಚಳಿಗಾಲಕ್ಕೆ ಒಣಹುಲ್ಲು ಉಳಿಯುವುದಿಲ್ಲ. ಕೇತಿಲ್ ಕಸಾಯಿಖಾನೆಗೆ ಫೋನ್ ಮಾಡಿ ಲಾರಿ ಹೇಳಿದ.

ವಿಭಾಗದ ಉತ್ತರ ಅಕ್ಟೋಬರಿನಲ್ಲಿ ಬಂತು. ಸ್ವಾಲಾ ಅವಳನ್ನು ಕೂರಿಸಿ, ಕಾಫಿ ಕೊಟ್ಟು ಹೇಳಿದಳು.

"ಒಪ್ಪಲಿಲ್ಲ. ತಂದೆ ಮೂರನೇ ವ್ಯಕ್ತಿ ಆಗಲ್ಲ ಅಂದರು. ಮನೆಯವರೇ ಹಾನಿ ಮಾಡಿದರೆ ವಿದ್ಯಾರ್ಥಿಗೂ ಅದರಲ್ಲಿ ಪಾಲಿರಬಹುದು ಅಂತ."

"ಅವನು ನನ್ನಪ್ಪ ಅಂತ ಅವರಿಗೆ ಯಾರು ಹೇಳಿದ್ದು?"

ಸ್ವಾಲಾ ವರದಿಯನ್ನು ಅವಳ ಕಡೆ ತಿರುಗಿಸಿದಳು. ಮೇಲೆ ಕೇತಿಲ್. ಕೆಳಗೆ ಕೇತಿಲ್ಸ್‌ದೋತ್ತಿರ್.

"ನಿನಗೆ ಗೊತ್ತಿತ್ತು," ಎಂದಳು ಹಾಲ್ಬೇರಾ. "ಮೂರು ವರ್ಷದಿಂದ ಗೊತ್ತಿತ್ತು. ಆ ನಿಯಮ ಓದಿ ಹೇಳಿದೋಳೂ ನೀನೇ."

"ಆ ಮಾತಿಗೆ ಅವರು ಹೀಗೆ ಅರ್ಥ ಮಾಡ್ತಾರೆ ಅಂತ ಗೊತ್ತಿರಲಿಲ್ಲ. ತಂತಿ ಕತ್ತರಿಸಿದವನ ಹೆಸರಷ್ಟೇ ಬರೆದಿದ್ದರೆ ಸಾಕಾಗ್ತಿತ್ತು. ಯಾರು ಹೇಳಿ ಮಾಡಿಸಿದರು ಅಂತ ಅಲ್ಲಿ ಯಾರೂ ಕೇಳಿರಲಿಲ್ಲ."

"ಬರೆಯೋಕೆ ಮುಂಚೆ ಹೇಳಬಹುದಿತ್ತು!"

"ನೀನು ಕೇಳಲಿಲ್ಲ, ಹಾಲ್ಬೇರಾ."

ಹಾಲ್ಬೇರಾ ಎದ್ದಳು. ಕಾಫಿ ಲೋಟ ಎತ್ತಿ ಎಸೆಯುವಷ್ಟು ಸಿಟ್ಟಿತ್ತು. ಎಸೆಯಲಿಲ್ಲ, ಜೋರಾಗಿ ಮೇಜಿನ ಮೇಲೆ ಕುಕ್ಕಿದಳು. ಚೆಲ್ಲಿದ ಕಾಫಿ ವರದಿಯ ಮೇಲೆ ಹರಿಯಿತು. ಸ್ವಾಲಾ ಅದನ್ನು ಒರೆಸುವುದನ್ನು ನೋಡುತ್ತ ನಿಲ್ಲದೆ ಹೊರಗೆ ಬಂದಳು. ಭೂಸಂರಕ್ಷಣಾ ಕಚೇರಿಗೆ ಫೋನ್ ಮಾಡಿದಳು. ಅವರು ವಿಷಾದಿಸಿದರು. ಪಟ್ಟಿಯಲ್ಲಿ ಎರಡನೆಯ ಹೆಸರು ಇದೆ, ಅವರನ್ನು ಕರೆಯುತ್ತೇವೆ ಎಂದರು.

ಲಾರಿ ಬಂದ ದಿನ ಅವಳು ಊರಿನಲ್ಲಿದ್ದಳು. ಅಮ್ಮ ಕರೆದಿದ್ದಳು, ಕೈ ಸಾಲದು ಎಂದು. ಕುರಿಗಳು ಹಲಗೆ ಹತ್ತಲು ಒಪ್ಪುತ್ತಿರಲಿಲ್ಲ. ಕೊಂಬು ಹಿಡಿದು ಎಳೆಯಬೇಕಿತ್ತು, ಹಿಂದಿನಿಂದ ಮೊಣಕಾಲಿನಿಂದ ನೂಕಬೇಕಿತ್ತು. ಬ್ರಾಂದುರನೂ ಬಂದಿದ್ದ. ಜೋಕು ಹೇಳಲಿಲ್ಲ.

ಕೇತಿಲ್ ಬೆಳಿಗ್ಗೆಯಿಂದ ಅವಳ ಮುಖ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

"ಬಾಗಿಲು ಹಿಡಿ," ಎಂದ.

ಹಿಡಿದಳು.

"ತಪ್ಪಾಯ್ತು ಅಂತ ನಾನು ಹೇಳಬೇಕಾ ಈಗ?" ಎಂದು ಕೇಳಿದಳು. ಧ್ವನಿಯಲ್ಲಿ ತಪ್ಪಾಯ್ತು ಎನ್ನುವುದು ಚೂರೂ ಇರಲಿಲ್ಲ.

"ಬಾಗಿಲು ಹಿಡಿ ಅಂದೆ."

ಲಾರಿ ಮೂರು ಸಲ ಬಂದು ಹೋಯಿತು. ಕೊನೆಯ ಸಲ ತುಂಬಿದ ಮೇಲೆ ಡ್ರೈವರ್ ಎಣಿಸಿ ಹೇಳಿದ, ಕೇತಿಲ್ ತಲೆಯಾಡಿಸಿದ, ಅಮ್ಮ ಒಳಗೆ ಹೋದಳು.

ಹೋದದ್ದು ಇಷ್ಟು: ಇನ್ನೂರ ಮೂವತ್ತೊಂದು ಹೆಣ್ಣು ಕುರಿ, ಆರು ಟಗರು, ಎರಡು ಬೇಸಿಗೆ, ಒಂದು ಕೆಲಸ.