ಹೊಣಕೆರೆಯಲ್ಲಿ ಅಳೆದ ತಾರೆ

ಸಂಶೋಧನಾ ಸಂಸ್ಥೆಯೊಂದು ಹೊಣಕೆರೆ ಊರಾಚೆಯ ಎತ್ತರದ ಬೋರೆಯ ಮೇಲೆ ತಂತಿ ಆಂಟೆನಾಗಳನ್ನು ನೆಟ್ಟು, ಅಲ್ಲಿನ ಒಂಟಿ ಕೋಣೆಗೆ ಗಂಜಾಂನ ಯಶೋಧರಾಳನ್ನು ಕಳಿಸಿದ್ದು ೧೯೯೪ರ ಜೂನಿನಲ್ಲಿ. ಪಲ್ಸಾರ್ ಎಂಬ, ಲಯವಾಗಿ ಮಿಡಿಯುವ ತಾರೆಯೊಂದು ಆಕಾಶದಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಎಲ್ಲಿದೆ ಎಂದು ಅಳೆಯುವುದು ಅವಳ ಕೆಲಸ. ಅದಕ್ಕಾಗಿ ಆ ತಾರೆಯ ರೇಡಿಯೊ ಮಿಡಿತ ಯಾವ ಕ್ಷಣಕ್ಕೆ ಬಂದು ಮುಟ್ಟಿತೆಂದು ದಿನವೂ ಗುರುತಿಸಬೇಕಿತ್ತು.

ತಾರೆ ದಿನಕ್ಕೆ ನಾಲ್ಕು ನಿಮಿಷ ಮುಂಚೆ ನೆತ್ತಿಗೆ ಬರುತ್ತಿತ್ತು. ಸಂಜೆ ಐದಕ್ಕಿದ್ದ ಕೆಲಸ ಎರಡು ತಿಂಗಳಲ್ಲಿ ನಡುಹಗಲಿಗೆ ಜರುಗಿತು, ಆಮೇಲೆ ಮುಂಜಾನೆಗೆ. ಊಟ ನಿದ್ದೆಗಳೂ ಅದರ ಬೆನ್ನು ಹಿಡಿದವು.

"ಇದ್ಯಾವ ಹೊತ್ತಿನ ಊಟ ಕಣವ್ವ?" ಎಂದು ಕೇಳುತ್ತಿದ್ದವಳು ಹಾಲು ತರುವ ಚಲುವಮ್ಮ ಒಬ್ಬಳೇ.

ನವೆಂಬರಿನ ಹೊತ್ತಿಗೆ ಮಿಡಿತಗಳು ಲೆಕ್ಕಕ್ಕಿಂತ ಸೆಕೆಂಡಿನ ನೂರರಲ್ಲೊಂದು ಪಾಲು ತಡವಾಗಿದ್ದವು. ಸಂಸ್ಥೆಯ ತಾರೆಗಳ ಪಟ್ಟಿಯಲ್ಲಿರುವ ಅದರ ನೆಲೆಯೇ ತಪ್ಪು ಎಂದು ಯಶೋಧರಾ ಬರೆದಳು. "ನಿಮ್ಮ ಗಡಿಯಾರ ಕೆಟ್ಟಿದೆ, ಹಿಂದಿರುಗಿ" ಎಂದು ಮೇಲಧಿಕಾರಿ ಶಿವಶಂಕರ್ ಉತ್ತರಿಸಿದರು.

ಗಡಿಯಾರ ಕೆಟ್ಟಿದ್ದರೆ ತಡ ಬೆಳೆಯುತ್ತಲೇ ಹೋಗಬೇಕು. ನೆಲೆ ತಪ್ಪಿದ್ದರೆ, ಭೂಮಿ ಸೂರ್ಯನನ್ನು ಒಂದು ಸುತ್ತು ಹಾಕಿ ಮುಗಿಸುವಷ್ಟರಲ್ಲಿ ಆ ತಡ ಕರಗಿಹೋಗಬೇಕು. ಮೇವರೆಗೆ ಸಮಯ ಕೊಡಿ ಎಂದು ಬೇಡಿ ಅವಳು ಅಲ್ಲೇ ಉಳಿದಳು.

ಆ ನವೆಂಬರಿನಲ್ಲೇ ಚಲುವಮ್ಮನ ಮಗಳು ಅರ್ಪಿತಳ ಮದುವೆ. ಧಾರೆಯ ಹೊತ್ತೂ ತಾರೆಯ ಹೊತ್ತೂ ಒಂದೇ ಆಯಿತು. ಊರಿನಿಂದ ತೇಲಿಬಂದ ವಾಲಗವನ್ನು ಯಶೋಧರಾ ಯಂತ್ರದ ಮುಂದೆ ಕುಳಿತೇ ಕೇಳಿದಳು. ಮುಂದೆ ಚಳಿಗಾಲವಿಡೀ ಹಾಲು ಬರುವ ವೇಳೆಗೆ ಅವಳಿಗೆ ನಿದ್ದೆ. ಚಲುವಮ್ಮ ಹೊಸ್ತಿಲಲ್ಲಿ ಚೊಂಬಿಟ್ಟು ಹೋಗುತ್ತಿದ್ದಳು. ವಾರಗಟ್ಟಲೆ ಯಶೋಧರಾ ತನ್ನ ದನಿಯನ್ನೇ ಕೇಳಲಿಲ್ಲ.

ಮೇ ತಿಂಗಳಲ್ಲಿ ತಡ ಪೂರ್ತಿ ಕರಗಿತು. "ನೀವು ಹೇಳಿದ ನೆಲೆಯೇ ಸರಿ, ಪಟ್ಟಿ ತಿದ್ದುತ್ತೇವೆ" ಎಂದು ಶಿವಶಂಕರ್ ಬರೆದರು. ಆ ಕಾಗದವನ್ನು ಅವಳು ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ಓದಿಕೊಂಡಳು. ಸಾಕೆನಿಸಲಿಲ್ಲ. ಮರುಬೆಳಿಗ್ಗೆ ಬಾಗಿಲಲ್ಲೇ ಕಾದು ನಿಂತಳು.

"ಅಕ್ಕ, ಆ ತಾರೆ ಎಲ್ಲೈತೆ ಅಂತ ಗೊತ್ತಾಯ್ತು."

ಚಲುವಮ್ಮ ಹಾಲು ಸುರಿದು ನಿಂತಳು. "ಮದ್ವೆ ದಿನ ನಿಂಗೂ ಒಂದೆಲೆ ಹಾಕ್ಸಿದ್ದೆ ಕಣವ್ವ. ಅದ್ರ ಮುಂದೆ ಯಾರ್ನೂ ಕೂರುಸ್ನಿಲ್ಲ."

"ತಪ್ಪಾಯ್ತಕ್ಕ."

"ಬುಡು ಅತ್ಲಾಗಿ. ಏನಾರ ಉಂಡಾ?"

"ಇಲ್ಲ."

"ಬಾ ಮತ್ತೆ. ಉಪ್ಸಾರು ಮಾಡಿವ್ನಿ."

ಇಬ್ಬರೂ ಬೋರೆ ಇಳಿದರು. ವರ್ಷವಾಗುತ್ತ ಬಂದರೂ ಯಶೋಧರಾಳಿಗೆ ಆ ಬೀದಿಗಳಲ್ಲಿ ಯಾರ ಮನೆ ಯಾವುದೆಂದು ತಿಳಿಯದು. ಚಲುವಮ್ಮನ ಹಿಂದೆ ಹಿಂದೆಯೇ ನಡೆದಳು.