ಎಂಟು ವರ್ಷ

ಶಾಯಿ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಮಂಗಳಮ್ಮ ಕೇಳಿದಳು, "ಈಗ ಮಗೀನ ಕೊಡ್ತೀರಾ ಸಾ?"

ಶವಾಗಾರದ ಬಾಗಿಲಲ್ಲಿ ಪೇದೆ ಅವಳ ಹೇಳಿಕೆಯ ಕಾಗದ ಮಡಚಿದ. ಮಗಳು ಅನುಶ್ರೀ, ಅರಕೆರೆ ನಾಲೆಗೆ ಕಾಲು ಜಾರಿ ಸಾವು. ಮದುವೆಯಾಗಿ ಎಂಟು ವರ್ಷ. ಯಾರ ಮೇಲೂ ಅನುಮಾನವಿಲ್ಲ. ಅನುಮಾನದ ಮಾತಿಗೆ ಮಂಗಳಮ್ಮ ನೆಲ ನೋಡಿದ್ದಳು; ಉತ್ತರ ಕೊಟ್ಟವನು ಅಳಿಯನ ಚಿಕ್ಕಪ್ಪ ನರಸಯ್ಯ. ಎಂಟು ಎಂದವಳು ಮಾತ್ರ ಅವಳೇ.

ಹೆಣ ಅಳಿಯನ ಊರು ಅರಕೆರೆ ಸೇರುವ ಹೊತ್ತಿಗೆ ಮಂಗಳಮ್ಮನ ತಮ್ಮ ಲಕ್ಷ್ಮಣ ಬಿಂಡಿಗನವಿಲೆಯಿಂದ ಬಂದಿದ್ದ.

"ಎಂಟು ಅಂದ್ಬುಟ್ಯಾ? ಮದ್ವೆಯಾಗಿ ಏಳು ತುಂಬದೆ ಎಣ್ಮಗ್ಳು ಇಂಗೆ ಸತ್ರೆ ತಾಸೀಲ್ದಾರ್ರೇ ಬಂದು ಇಚಾರಿಸ್ಬೇಕು ಕಣಕ್ಕ. ಅನುಗೆ ಆರೂವರೆ ಅಲ್ವಾ?"

"ವೀಳ್ಯ ಕೊಟ್ಟಾಗ್ಲಿಂದ ಎಣಿಸ್ದೆ ಕಣ್ಲಾ. ಅವತ್ತೇ ಅವ್ಳು ನಮ್ಮೋಳಲ್ಲ ಅನ್ಕಂಡಿದ್ದೆ."

ವೀಳ್ಯವಾದ ವಾರಕ್ಕೇ ಗಂಡಿನ ಅಜ್ಜಿ ತೀರಿಕೊಂಡು, ಮದುವೆ ಒಂದೂವರೆ ವರ್ಷ ಮುಂದೆ ಹೋಗಿತ್ತು.

*

ಹೋದ ತಿಂಗಳು ಅನು ತವರಿಗೆ ಬಂದಾಗ ಎಡಗೈಯಲ್ಲಿ ಒಂದೂ ಬಳೆ ಇರಲಿಲ್ಲ. ಮಣಿಕಟ್ಟು ನೀಲಿಗಟ್ಟಿತ್ತು.

"ಬಾಗ್ಲು ಬಡೀತಾ?" ಎಂದಿದ್ದಳು ಮಂಗಳಮ್ಮ.

ಅನು ತಾಯಿಯ ಮುಖವನ್ನೇ ತುಸು ಹೊತ್ತು ನೋಡಿದಳು.

"ಊಂ ಕಣವ್ವ. ಬಾಗ್ಲು."

ಅವ್ವನ ಹರಿದ ರವಿಕೆಗಳನ್ನೆಲ್ಲ ಹೊಲಿದು ಮಡಚಿಟ್ಟು, ಸಂಜೆಯ ಬಸ್ಸು ಹತ್ತಿದಳು.

*

ಸ್ಮಶಾನದಿಂದ ಲಕ್ಷ್ಮಣ ಪೇದೆಗೆ ಫೋನು ಮಾಡಿದ.

"ಬಾಯ್ಮಾತಲ್ಲಿ ಆಗಲ್ಲ ಕಣಪ್ಪ. ಲಗ್ನಪತ್ರಿಕೆ ತಂದು ತೋರ್ಸು, ಸಾಹೇಬ್ರಿಗೆ ಹೇಳ್ತೀನಿ," ಎಂದ ಪೇದೆ.

ಪತ್ರಿಕೆ ಬಿಂಡಿಗನವಿಲೆಯಲ್ಲಿ ಮಂಗಳಮ್ಮನ ಮನೆಯ ಟ್ರಂಕಿನಲ್ಲಿತ್ತು. ಹೋಗಿ ಬರಲು ಮೂರು ಗಂಟೆ. "ನಾ ಬರೋಗಂಟ ಬೆಂಕಿ ಇಡಿಸ್ಬ್ಯಾಡ ಅಕ್ಕ," ಎಂದು ಅವನು ಬೈಕು ಹತ್ತಿದ.

ಅರ್ಧ ಗಂಟೆಯೂ ಆಗಿರಲಿಲ್ಲ, ನರಸಯ್ಯ ಎದ್ದ. "ಬಿಸ್ಲೇರ್ತು, ಸೌದೆ ಜೋಡ್ಸ್ರಲಾ."

"ಆರೂವರೆ," ಎಂದಳು ಮಂಗಳಮ್ಮ.

"ಬೆಳಗ್ಗೆ ಎಂಟು, ಈಗ ಆರೂವರೆ. ಸಂಜೆಗಂಟ ಕಾದ್ರೆ ಮದ್ವೇನೆ ಆಗಿಲ್ಲ ಅಂತೀಯ ಬುಡು ಬೀಗ್ತಿ."

ಯಾರೋ ನಕ್ಕು, ಕೆಮ್ಮಿದರು. ಅಳಿಯ ಮೋಹನ್ ಕುಮಾರ್ ಒದ್ದೆ ಪಂಚೆಯಲ್ಲಿ ನಿಂತು ಫೋನು ನೋಡುತ್ತಿದ್ದ. ಮಂಗಳಮ್ಮ ಅವನನ್ನು ನೋಡಿದಳು.

ಅವಳು ಹೋಗಿ ಸೌದೆಯ ರಾಶಿಯ ಮೇಲೆ ಕೂತಳು.

ಯಾರೂ ಅವಳನ್ನು ಏಳು ಎನ್ನಲಿಲ್ಲ. ಗಂಡಸರು ಬಂದು, ಅವಳಿಗೆ ತಾಗದಂತೆ, ಅಕ್ಕಪಕ್ಕದ ಸೌದೆಯನ್ನು ಒಂದೊಂದಾಗಿ ಎತ್ತಿಕೊಂಡು ಹೋದರು. ಕೊನೆಗೆ ಅವಳು ಕೂತಿದ್ದ ಕೊರಡೊಂದೇ ಉಳಿಯಿತು. ಅದಿಲ್ಲದೆಯೂ ಚಿತೆಗೆ ಸೌದೆ ಸಾಕಾಗಿತ್ತು.